ಟವಲಿನ ಅಡಿಯ ಮಾತು

ನಮ್ಮೂರಿನಲ್ಲಿ ಎಲೆಗಾಲ ಶುರುವಾಯಿತೆಂದು ಮೊದಲು ಸಾರುವುದು ಕೆರೆ ಪಾರ್ಕಿನ ಬಾದಾಮಿ ಮರ. ದೀಪಾವಳಿಯ ಪಟಾಕಿ ಕಸ ಗುಡಿಸಿ ಮುಗಿಯುವ ಹೊತ್ತಿಗೆ ಅದರ ಒಂದು ಎಲೆ ಕೆಂಪಗಾಗುತ್ತದೆ, ಎಲೆಯಡಿಕೆ ಹಾಕಿದ ನಾಲಿಗೆಯ ಹಾಗೆ. ಅವತ್ತಿನಿಂದ ಆ ಮರದ ಕೊನೆಯ ಎಲೆ ಬೀಳುವವರೆಗೆ ಪಾರ್ಕುಗಳ ದಾರಿ ಒಬ್ಬೊಬ್ಬರಿಗೆ ಒಂದೊಂದು ಉದ್ದ. ಪೇಟೆ ಪಕ್ಕದ ಮೇಲಿನ ಗೇಟಿನಿಂದ ಕೆರೆ ಪಕ್ಕದ ಕೆಳಗಿನ ಗೇಟಿನವರೆಗೆ ಐದು ಪಾರ್ಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಹಾದುಹೋಗುವುದು ಒಂದೇ ದಾರಿ. ಬೇರೆ ದಿನಗಳಲ್ಲಿ ಅದು ಎಲ್ಲರಿಗೂ ಅಷ್ಟೇ. ಎಲೆಗಾಲದಲ್ಲಿ ಮಾತ್ರ, ಇಬ್ಬರು ಜೊತೆಯಾಗಿ ಒಳಗೆ ಹೋದರೆ, ಅವತ್ತಿಗೆ ಆ ಇಬ್ಬರ ನಡುವೆ ಎಷ್ಟು ಮಾತು ಇದೆಯೋ ಅಷ್ಟು ದೂರ ದಾರಿ ಹೋಗುತ್ತದೆ. ಮಾತು ಮುಗಿದ ಕಡೆ ಗೇಟು ಬರುತ್ತದೆ.

ನಾನು ಕೆಳಗಿನ ಗೇಟಿನ ಪಕ್ಕ ಬೇಯಿಸಿದ ಕಡಲೆಕಾಯಿ ಮಾರುತ್ತೇನೆ. ಕಾಯಿ ಸಾಕಮ್ಮ ಎಂದರೆ ಊರಿಗೆಲ್ಲ ಗೊತ್ತು. ಯಾವ ಜೋಡಿ ಎಷ್ಟು ಹೊತ್ತಿಗೆ ಹೊರಗೆ ಬಂತು, ಬಂದಾಗ ಯಾರ ಮುಖ ಹೇಗಿತ್ತು ಎಂಬುದನ್ನೆಲ್ಲ ಕೂತಲ್ಲಿಂದಲೇ ನೋಡಿದವಳು. ಆಫೀಸಿಗೆ ತಡವಾದವರು ಮೇಲಿನ ಗೇಟಿನಲ್ಲಿ ಗುರುತಿಲ್ಲದವರನ್ನು ಹುಡುಕಿ ಜೊತೆ ಮಾಡಿಕೊಳ್ಳುತ್ತಾರೆ. ಬೇಲಿ ದಾಟಿದಷ್ಟು ಬೇಗ ಈ ಕಡೆ ಬಂದುಬಿಡುತ್ತಾರೆ. ಸಂಬಂಧ ನೋಡುವವರು ಹುಡುಗ ಹುಡುಗಿಯ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟು ಒಳಗೆ ಕಳಿಸಿ, ನನ್ನ ಹತ್ತಿರ ಕಾಯಿ ಕೊಂಡು ತಿನ್ನುತ್ತಾ ಕಾಯುತ್ತಾರೆ. ತಡವಾದಷ್ಟೂ ಬೀಗರ ಮುಖ ಅರಳುತ್ತದೆ, ನನ್ನ ವ್ಯಾಪಾರವೂ ಆಗುತ್ತದೆ. ಹಿಂದೊಮ್ಮೆ ಸೈಟಿನ ಗೋಡೆಗಾಗಿ ಮುಖ ನೋಡದೆ ಇದ್ದ ಅಣ್ಣ ತಮ್ಮ ಇಬ್ಬರು ತಿಂಡಿ ತಿಂದು ಒಳಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡು ಬಂದರು. ಅಣ್ಣನ ಹರಿದ ಚಪ್ಪಲಿ ತಮ್ಮನ ಕೈಯಲ್ಲಿತ್ತು. ಬೈಗುಳವೂ ಮಾತೇ ತಾನೆ.

ಪುರಸಭೆಯವರು ದಾರಿಯುದ್ದಕ್ಕೂ ಬೆಂಚು ಹಾಕಿಸಿದ್ದಾರೆ, ನೀರಿನ ಹೂಜಿ ಇಡಿಸಿದ್ದಾರೆ. ಆದರೆ ಹೆಚ್ಚಾಗಿ ಬೆಳೆದ ದಾರಿಯಲ್ಲಿ ಅವು ಸಿಗುವುದಿಲ್ಲ. ಅಲ್ಲಿ ಯಾರೂ ನೆಡದ ಮರಗಳಿರುತ್ತವೆ, ನಮ್ಮೂರ ಆಕಾಶದಲ್ಲಿ ಕಾಣದ ಹಕ್ಕಿಗಳಿರುತ್ತವೆ. ಉದ್ದದ ದಾರಿ ಕಂಡವರು ಬಂದು ಹೇಳಿದರೆ ಕೇಳಿಕೊಳ್ಳುತ್ತೇವೆ. ಯಾರೂ ಸುಳ್ಳೆನ್ನುವುದಿಲ್ಲ.

ಬೇಗ ಹೊರಗೆ ಬರುವ ಗಂಡಹೆಂಡಿರ ಪಾಡು ಮಾತ್ರ ಬೇರೆ. ಅಂಥವರಿಗೆ ನಾನೊಂದು ದಾರಿ ಮಾಡಿಕೊಟ್ಟಿದ್ದೇನೆ. ಗೇಟಿನ ಒಳಗೆ, ಪಕ್ಕದಲ್ಲೇ ಒಂದು ಬಿದಿರು ಮೆಳೆ ಇದೆ. ತಲೆ ತಗ್ಗಿಸಿಕೊಂಡು ಬರುವ ಜೋಡಿ ಕಂಡರೆ ಕಣ್ಸನ್ನೆ ಮಾಡುತ್ತೇನೆ, ಅವರು ಮೆಳೆಯ ಹಿಂದೆ ಹೋಗಿ ಕೂರುತ್ತಾರೆ, ಬೇಲಿಯ ಸಂದಿನಿಂದ ಒಂದು ಪೊಟ್ಟಣ ಕಾಯಿ ಕೊಡುತ್ತೇನೆ. ಮರ್ಯಾದೆಗೆ ಸಾಕಾಗುವಷ್ಟು ಹೊತ್ತು ಕಳೆದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ಆ ಮೆಳೆಯ ಬುಡದಲ್ಲಿ ಬಿದ್ದಿರುವ ಸಿಪ್ಪೆ ನೋಡಿದರೆ ಊರಿನ ಸಂಸಾರಗಳ ಜಾತಕ ಸಿಕ್ಕೀತು. ನಾನು ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದವಳಲ್ಲ. ಮೆಳೆಯಂತೂ ಸಿಪ್ಪೆ ತಿಂದು ತಿಂದು ಸೊಂಪಾಗಿ ಬೆಳೆದಿದೆ.

ನಮಗೆ ಆ ಮೆಳೆ ಎಂದೂ ಬೇಕಾಗಿರಲಿಲ್ಲ. ನಮ್ಮ ಯಜಮಾನರು ದನದ ಸಂತೆಯಲ್ಲಿ ದಲ್ಲಾಳಿ. ಊರವರು ಅವರನ್ನು ಬೋರಲಿಂಗಣ್ಣ ಎನ್ನುತ್ತಾರೆ. ಮುದಿ ಎತ್ತಿನ ಮುಂದೆ ನಿಂತು ಅವರು ಬಾಯಿ ಬಿಟ್ಟರೆ ಆ ಎತ್ತಿಗೇ ತಾನು ಹೋರಿ ಎನಿಸಬೇಕು, ಹಾಗೆ ಹೊಗಳುತ್ತಿದ್ದರು. ಬಾಯಲ್ಲಿ ನಡೆಯುತ್ತಿದ್ದದ್ದು ಹೊಗಳಿಕೆ ಮಾತ್ರ. ಬೆಲೆ ಕುದುರುತ್ತಿದ್ದದ್ದು ಟವಲಿನ ಅಡಿಯಲ್ಲಿ. ಇಬ್ಬರ ಕೈ ಸೇರಿಸಿ ಮೇಲೆ ಟವಲು ಹೊದಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು; ಅದು ನೂರೋ ಸಾವಿರವೋ ಎಂಬುದು ಎದುರಿಗೆ ನಿಂತ ದನ ನೋಡಿದರೆ ತಿಳಿಯುತ್ತದೆ. ಬೆರಳಿನ ಅರ್ಧ ಹಿಡಿದರೆ ಅರ್ಧ. ಬೇಡವಾದರೆ ಬೆರಳು ಮಡಚುವುದು, ಒಪ್ಪಿಗೆಯಾದರೆ ಅಂಗೈ ಪೂರ್ತಿ ಹಿಡಿಯುವುದು. ಸುತ್ತ ನಿಂತವರಿಗೆ ಅಲ್ಲಾಡುವ ಟವಲು ಕಾಣುತ್ತದೆಯೇ ಹೊರತು ಬೆಲೆ ತಿಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ನನಗೆ ತೋರಿಸಿದ್ದರು. ಆಮೇಲೆ ನನಗದರ ಅಗತ್ಯ ಬೀಳಲಿಲ್ಲ. ಮನೆಯಲ್ಲಿ ಅವರ ಬಾಯೇ ಬೇಕಾದಷ್ಟು ಇತ್ತಲ್ಲ. ಎಲೆಗಾಲದಲ್ಲಿ ನಾವು ಒಳಗೆ ಹೋದೆವೆಂದರೆ ಹೊರಗೆ ಬರುವಾಗ ಜನ ಲಾಟೀನು ಹಿಡಿದು ಕಾಯುತ್ತಿದ್ದರು. ನನಗೂ ಒಳಗೊಳಗೆ ಜಂಬವಿತ್ತು.

ಹೋದ ಮಳೆಗಾಲದಲ್ಲಿ ಅವರ ಗಂಟಲಿನಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ತೆಗೆದರು, ಅದರ ಜೊತೆಗೆ ದನಿಯೂ ಹೋಯಿತು. ಜೀವ ಉಳಿಯಿತಲ್ಲ ಎಂದು ನಾನು ಅದನ್ನು ದೊಡ್ಡದು ಮಾಡಲಿಲ್ಲ. ಅವರಿಗೆ ಸಹಿ ಹಾಕುವುದು ಬಿಟ್ಟರೆ ಬರೆಯಲು ಬರುವುದಿಲ್ಲ, ನನಗೆ ಓದಲು ಬರುವುದಿಲ್ಲ. ಆದ್ದರಿಂದ ಇಬ್ಬರ ಮಾತನ್ನೂ ನಾನೇ ಆಡಲು ಶುರುಮಾಡಿದೆ. ಹಸಿವಾ ಎಂದು ಕೇಳುವುದೂ ನಾನೇ, ಆಗಿರಬೇಕು ಎನ್ನುವುದೂ ನಾನೇ. ನೋಡಲು ಬಂದವರಿಗೆ ಅವರು ಏನು ಹೇಳುತ್ತಿದ್ದಾರೆಂದು ಹೇಳುವುದೂ ನಾನೇ. ಸಂತೆಯ ಕೆಂಪು ಅಂಚಿನ ಟವಲು ಕಣ್ಣಿಗೆ ಬಿದ್ದರೆ ನೊಂದುಕೊಂಡಾರು ಎಂದು ಒಗೆದು ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟೆ. ಬಾಯಿಲ್ಲದ ದಲ್ಲಾಳಿ ಉಂಟೇ, ಹೇಳಿ. ಅವರು ಜಗಲಿಯ ಮೇಲೆ ಕೂತು ಮಂಗಳವಾರ ಸಂತೆಗೆ ಹೋಗುವ ಗಾಡಿಗಳನ್ನು ನೋಡುತ್ತಿದ್ದರು. ನಾನು ಹೊರಗೆ ಬಂದು, ಬಿಸಿಲು ಬಂತು ಒಳಗೆ ಬನ್ನಿ ಎಂದು ಕರೆದುಕೊಂಡು ಹೋಗುತ್ತಿದ್ದೆ.

ಹೀಗಿರುವಾಗ ಎಲೆಗಾಲ ಬಂತು. ಮಾತಿದ್ದಷ್ಟು ದಾರಿ ಎಂದರೆ ಮಾತಿಲ್ಲದವರಿಗೆ ಎಷ್ಟು ದಾರಿ? ಒಳಗೆ ಹೋದ ಕೂಡಲೇ ಗೇಟು ಬಂದರೆ, ಇನ್ನು ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ ಎಂದು ದಾರಿಯೇ ಹೇಳಿದ ಹಾಗೆ. ಗೊತ್ತಾಗದೆ ಇದ್ದುಬಿಡುವುದೇ ಮೇಲೆನ್ನಿಸಿತು. ಇವತ್ತು ಗಾಳಿ ಎಂದೆ, ನಾಳೆ ವ್ಯಾಪಾರ ಎಂದೆ, ದಿನ ತಳ್ಳಿದೆ. ಬಾದಾಮಿ ಮರ ಪೂರ್ತಿ ಕೆಂಪಾಯಿತು, ಆಮೇಲೆ ಬೋಳಾಗುತ್ತಾ ಬಂತು. ಆದರೆ ನಮ್ಮೂರಲ್ಲಿ ಆ ಮರದ ಎಲೆ ಮುಗಿಯುವುದರೊಳಗೆ ಒಂದು ಸಲವಾದರೂ ನಡೆಯದ ಜೋಡಿಯೆಂದರೆ ಅವರಲ್ಲಿ ಒಬ್ಬರು ಇಲ್ಲ ಎಂದೇ ಅರ್ಥ.

ನನ್ನ ಪಕ್ಕದಲ್ಲಿ ಹೂವು ಕಟ್ಟುವ ತಾಯಮ್ಮ ಒಂದು ಬೆಳಿಗ್ಗೆ ಮರದ ಕಡೆ ತಲೆ ಎತ್ತಿ ನೋಡಿ, "ಏನ್ ಸಾಕಮ್ಮಾ, ಹಿಡಿಯಷ್ಟು ಎಲೆ ಉಳಿದವೆ. ನಿಮ್ಮ ಸವಾರಿ ಯಾವಾಗ?" ಎಂದಳು.

ಮೊಣಕಾಲು ನೋವು ಎಂದೆ.

"ಯಾರ ಮೊಣಕಾಲು? ಅಣ್ಣಂಗೆ ಹೋಗಿದ್ದು ಗಂಟಲು ಕಣೇ," ಎಂದಳು ತಾಯಮ್ಮ. ಅವಳ ಬಾಯಿ ಹಾಗೇ. ಆದರೆ ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಜೊತೆ ಉಪವಾಸ ಕೂತವಳೂ ಅವಳೇ.

ಮನೆಗೆ ಬಂದು, ನಾಳೆ ಪಾರ್ಕಿಗೆ ಹೋಗೋಣ ಎಂದೆ. ಅವರು ತಲೆಯಾಡಿಸಿದರು. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಹೊರಗೆ ಹರಡಿ ಆ ಟವಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಚಳಿ ಇಲ್ಲವಲ್ಲ, ಇದೇಕೆ ಎಂದು ನಾನು ಅದನ್ನು ಎಳೆದು ಮಡಚಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಅವರು ಸುಮ್ಮನೆ ಚೀಲದ ಕಡೆ ನೋಡಿದರು.

ಮೇಲಿನ ಗೇಟು ಕಾಯುವ ಇಮಾಮ್ ಸಾಬರು ನಮ್ಮನ್ನು ಕಂಡು ಎದ್ದು ನಿಂತರು. ಯಾವ ಜೋಡಿಗೂ ಅವರು ಹಾಗೆ ಏಳುವುದಿಲ್ಲ. ಅದು ನನಗೆ ಇನ್ನಷ್ಟು ಭಯ ತಂದಿತು. "ಹೋಗ್ಬಿಟ್ಟು ಬನ್ನಿ ಬೋರಲಿಂಗಣ್ಣ, ಗೇಟು ಎಲ್ಲೂ ಓಡಿಹೋಗಲ್ಲ," ಎಂದರು.

ಒಳಗೆ ಕಾಲಿಟ್ಟದ್ದೇ ನಾನು ಮಾತು ಶುರುಮಾಡಿದೆ. ಮಾತಿನಿಂದಲೇ ದಾರಿ ಬೆಳೆಯುವುದಾದರೆ ಇಬ್ಬರ ಪಾಲನ್ನೂ ನಾನೇ ಆಡಿಬಿಡುತ್ತೇನೆ ಎಂಬ ಹಟ. ತಾಯಮ್ಮನ ಮೇಕೆ ಈದ ಸುದ್ದಿ ಹೇಳಿದೆ, ಮಾತ್ರೆ ಬದಲಾದದ್ದು ಹೇಳಿದೆ, ಹಿತ್ತಲಿನ ನುಗ್ಗೆಗೆ ಕಂಬಳಿಹುಳ ಬಿದ್ದದ್ದು ಹೇಳಿದೆ. ಅವರ ಕೈ ಹಿಡಿದು, ಮಕ್ಕಳನ್ನು ಸ್ಕೂಲಿಗೆ ಎಳೆದುಕೊಂಡು ಹೋಗುವ ಹಾಗೆ ಮುಂದೆ ಮುಂದೆ ನಡೆದೆ. ಕಾಲ ಕೆಳಗೆ ತೇಗದ ಎಲೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ತಲೆಯ ಮೇಲೆ ಗಿಳಿಗಳ ಹಿಂಡು ಹೋಯಿತು. ನಾನು ತಲೆ ಎತ್ತಲಿಲ್ಲ. ಒಂದೆರಡು ಸಲ ಅವರು ನಿಂತು ಕೈ ಜಗ್ಗಿದರು. ಸುಸ್ತಾಯಿತೇನೋ, ಮುಂದೆ ಬೆಂಚಿದೆ ಬನ್ನಿ ಎಂದೆ. ಎರಡನೇ ಪಾರ್ಕಿನ ಕೊಳ ದಾಟಿದೆವು. ತಿರುವಿನಲ್ಲಿ ಮೂರನೇ ಪಾರ್ಕಿನ ಅರಳಿಕಟ್ಟೆ ಬರಬೇಕಿತ್ತು. ಬಂದದ್ದು ಬಿದಿರು ಮೆಳೆ. ಅದರಾಚೆ ಕೆಳಗಿನ ಗೇಟು. ಗೇಟಿನಾಚೆ ತಾಯಮ್ಮನ ಬೆನ್ನು.

ನನ್ನ ಬಾಯಲ್ಲಿದ್ದ ಮಾತು ಅಲ್ಲೇ ಬಿತ್ತು. ಮೂರು ಪಾರ್ಕುಗಳೇ ಇರಲಿಲ್ಲ. ಊರವರನ್ನೆಲ್ಲ ಯಾವ ಮೆಳೆಯ ಹಿಂದೆ ಕೂರಿಸಿದ್ದೆನೋ ಅದೇ ಮೆಳೆಯ ಹಿಂದೆ ಅವರನ್ನು ಎಳೆದುಕೊಂಡು ಹೋಗಿ ಕೂತೆ. ಬುಡದಲ್ಲಿ ಸಿಪ್ಪೆ ಕಾಲಿಗೆ ಚುಚ್ಚುತ್ತಿತ್ತು. ಒಳಗೆ ಬಂದವರು ಎಷ್ಟು ನಾಚಿಕೆಯಿಂದ ಇಲ್ಲಿ ಕೂರುತ್ತಾರೆ ಎಂಬುದು ಬೇಲಿಯಾಚೆ ಕಾಯಿ ಅಳೆಯುವವಳಿಗೆ ಏನು ಗೊತ್ತಿತ್ತು? ಸೆರಗು ಬಾಯಿಗೆ ತುರುಕಿಕೊಂಡೆ. ಸ್ವಲ್ಪ ಹೊತ್ತು ಇಲ್ಲೇ ಇದ್ದು ಆಮೇಲೆ ಹೋಗೋಣ, ಯಾರಿಗೂ ಗೊತ್ತಾಗಲ್ಲ ಎಂದು ಪಿಸುಗುಟ್ಟಿದೆ.

ಅವರು ನನ್ನನ್ನು ನೋಡಿದರು, ಸಿಪ್ಪೆಯ ರಾಶಿ ನೋಡಿದರು. ಅವರ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ನಗು. ದನಿಯಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಊರಿನ ಸಂಸಾರಗಳ ಗುಟ್ಟು ಅವರಿಗೆ ಅವತ್ತು ತಿಳಿಯಿತು. ಆಮೇಲೆ ನನ್ನ ಚೀಲಕ್ಕೆ ಕೈ ಹಾಕಿ ಟವಲು ಎಳೆದು, ಒಂದು ಸಲ ಕೊಡವಿ, ನನ್ನ ಬಲಗೈ ಹಿಡಿದು ಮೇಲೆ ಹೊದಿಸಿದರು. ಗೇಟಿಗೆ ಬೆನ್ನು ಮಾಡಿ, ಬಂದ ದಾರಿಯ ಕಡೆಗೇ ಹೊರಟರು. ಕೆಳಗಿನಿಂದ ಮೇಲಕ್ಕೆ ಯಾರೂ ನಡೆಯುವುದಿಲ್ಲ ಎಂದೆ. ಟವಲಿನ ಅಡಿಯಲ್ಲಿ ನನ್ನ ಬೆರಳನ್ನು ಮಡಚಿದರು. ಬೇಡ, ಎಂದು. ಬಾಯಿ ಮುಚ್ಚು ಎಂದೂ ಇದ್ದೀತು. ಮುಚ್ಚಿದೆ.

ಆಗ ಕಂಡಿತು ನೋಡಿ ಎಲೆಗಾಲ. ಬಾದಾಮಿ ಮರದಲ್ಲಿ ಉಳಿದ ನಾಲ್ಕಾರು ಎಲೆಗಳ ಮೇಲೆ ಬಿಸಿಲು ಬಿದ್ದು ಒಳಗೆ ದೀಪ ಹಚ್ಚಿಟ್ಟ ಹಾಗಿತ್ತು. ಹುಣಸೆ ಮರದಿಂದ ಪುಟ್ಟ ಹಳದಿ ಎಲೆಗಳು ಅಕ್ಷತೆಯಂತೆ ನಮ್ಮಿಬ್ಬರ ತಲೆಯ ಮೇಲೆ ಉದುರಿದವು. ಹಳೆಯ ಹೊಂಗೆಯ ಪೊಟರೆಯಲ್ಲಿ ಒಂದು ಗೂಬೆ ಮರಿ ಕೂತು ನಮ್ಮನ್ನು ಬಡ್ಡಿ ವಸೂಲಿಗೆ ಬಂದವರಂತೆ ನೋಡುತ್ತಿತ್ತು. ಅವರು ನಿಂತರು. ನನ್ನ ಒಂದು ಬೆರಳು ಹಿಡಿದರು. ಏನೆಂದು ತಿಳಿಯದೆ ಮುಖ ನೋಡಿದೆ. ಗೂಬೆಯ ಕಡೆ ಗದ್ದ ತೋರಿಸಿ ಮತ್ತೆ ಬೆರಳು ಹಿಡಿದರು. ಗೂಬೆಗೆ ಬೆಲೆ ಹೇಳುತ್ತಿದ್ದಾರೆ! ಹಗಲೆಲ್ಲ ನಿದ್ದೆ ಮಾಡುವ ಪ್ರಾಣಿಗೆ ಇಷ್ಟೊಂದೇ ಎಂದು ಬೆರಳು ಮಡಚಿದೆ. ಅರ್ಧ ಬೆರಳು ಹಿಡಿದರು. ಅಂಗೈ ಕೊಟ್ಟೆ. ಹೀಗೆ ನಾವು ಒಂದು ಗೂಬೆ ಕೊಂಡೆವು.

ಆಮೇಲೆ ಕೊಳ್ಳದೆ ಬಿಟ್ಟದ್ದು ಯಾವುದೂ ಇಲ್ಲ. ಕೆರೆ ದಡದ ಕಲ್ಲಿನ ಮೇಲೆ ಮೀನಿಗೆ ಹೊಂಚು ಹಾಕಿದ್ದ ಮಿಂಚುಳ್ಳಿಗೆ ಮೂರು ಬೆರಳು ಹೇಳಿದರು, ಬಣ್ಣ ನೋಡಿ ನಾನೂ ಚೌಕಾಸಿ ಮಾಡಲಿಲ್ಲ. ದಾರಿಗೆ ಅಡ್ಡ ಬಂದ ಮುಂಗುಸಿ ನಿಂತು ತಿರುಗಿ ನೋಡಿತು. ಕಳ್ಳಮಾಲಿನಂತಿದೆ ಎಂದು ನಾನೇ ಬೇಡವೆಂದೆ. ಬಾಲ ಎತ್ತಿ ಬೈಯುತ್ತಿದ್ದ ಅಳಿಲಿಗೆ ಅವರು ಬೆಲೆಯನ್ನೇ ಹೇಳದೆ ನನ್ನ ಮುಖ ನೋಡಿ ತಲೆಯಾಡಿಸಿದರು, ಇಂಥದ್ದು ಮನೆಯಲ್ಲೇ ಒಂದಿದೆ ಎನ್ನುವ ಹಾಗೆ. ಬೆರಳು ಹಿಸುಕಿದೆ. ಅರಳಿಕಟ್ಟೆ ಬಂತು. ಹೋಗುವಾಗ ಇಲ್ಲದ ಪಾರ್ಕುಗಳೆಲ್ಲ ಬಂದವು. ಅವೂ ಮುಗಿದ ಮೇಲೆ ಬೆಂಚುಗಳು ನಿಂತವು, ದಾರಿ ನಿಲ್ಲಲಿಲ್ಲ.

ಅಲ್ಲಿನ ಮರಗಳ ಹೆಸರು ನನಗೆ ಗೊತ್ತಿಲ್ಲ. ಕೆಲವಕ್ಕೆ ತಾಮ್ರದ ತಟ್ಟೆಯಂಥ ಎಲೆ, ಕೆಲವಕ್ಕೆ ಹಳದಿಯೂ ಹಸಿರೂ ಬೆರೆತ, ಮಾಗಿದ ಮಾವಿನ ಬಣ್ಣ. ಗಾಳಿ ಬೀಸಿದಾಗ ಎಲ್ಲ ಒಟ್ಟಿಗೆ ಉದುರಿ, ಸ್ವಲ್ಪ ಹೊತ್ತು ಎಲೆಗಳ ನಡುವೆ ದಾರಿ ಕಾಣದಾಯಿತು. ಬಯಲಾದಾಗ ಎದುರಿಗೆ ಒಂದು ಚುಕ್ಕೆ ಜಿಂಕೆ. ಅವರು ಸಂತೆಯಲ್ಲಿ ನಿಲ್ಲುವ ಹಾಗೆಯೇ ನಿಂತರು, ಒಂದು ಕಾಲು ಮುಂದೆ, ತಲೆ ಓರೆ. ಹಿಂಗಾಲು ನೋಡಿದರು, ಬೆನ್ನು ನೋಡಿದರು, ಹಲ್ಲು ಎಣಿಸುವವರ ಹಾಗೆ ಬಗ್ಗಿದರು. ನನ್ನ ಬೆರಳೆಲ್ಲ ಒಟ್ಟಿಗೆ ಹಿಡಿದರು. ನನಗೆ ನಗು ತಡೆಯಲಾಗಲಿಲ್ಲ. ಜಿಂಕೆ ನೆಗೆದು ಹೋಯಿತು. ಗಿರಾಕಿ ನಕ್ಕರೆ ಮಾಲು ಕೈತಪ್ಪುತ್ತದೆ ಎಂದು ಅವರು ಹಿಂದೆ ಹೇಳುತ್ತಿದ್ದರು. ಈಗ ಹುಬ್ಬು ಗಂಟಿಕ್ಕಿ ಅದನ್ನೇ ಹೇಳಿದರು. ಅಕ್ಷರ ಬಿಡದೆ ಕೇಳಿಸಿತು.

ಹೊತ್ತು ಇಳಿಯುವಾಗ ಒಂದು ದಿಬ್ಬ ಹತ್ತಿದೆವು. ಬೋಳು ಕೊಂಬೆಗಳ ಸಂದಿನಿಂದ ಊರು ಕಂಡಿತು, ಪೇಟೆಯ ಹೆಂಚುಗಳು, ಅದರಾಚೆ ದನದ ಸಂತೆಯ ಮೈದಾನ. ಅವರು ಅದರ ಕಡೆ ಗದ್ದ ತೋರಿಸಿ ನನ್ನ ಒಂದು ಬೆರಳು ಹಿಡಿದರು.

ಮಂಗಳವಾರವಾ ಎಂದು ಕೇಳಿದೆ. ಬೆರಳಿನ ಮೇಲೆ ಅವರ ಹಿಡಿತ ಬಿಗಿಯಾಯಿತು.

ಧೂಳು, ಗಂಟಲಿನ ಗಾಯ, ಜನ ಏನೆಂದಾರು, ಎಲ್ಲ ಒಟ್ಟಿಗೆ ನೆನಪಾಗಿ ಬೆರಳು ಮಡಚಿದೆ. ಅವರು ಬಿಡಿಸಿ ಅರ್ಧ ಹಿಡಿದರು. ಅರ್ಧ ದಿನ. ನನ್ನ ಮನಸ್ಸು ಮೆತ್ತಗಾಗುತ್ತಿದ್ದದ್ದು ನನಗೇ ತಿಳಿಯಿತು, ಆದರೆ ವ್ಯಾಪಾರದವಳು, ಬಿಡಲಿಲ್ಲ. "ಬೆರಳು ನಿಮ್ಮವೇ ಇವೆ, ಒಪ್ಪಿದೆ," ಎಂದೆ. "ದನ ಹೊಗಳೋಕೆ ಬಾಯಿ ಬೇಡ್ವಾ? ಅದನ್ನ ಯಾರು ಕೊಡ್ತಾರೆ?"

ಅವರು ಎಡಗೈ ಎತ್ತಿ, ಒಂದು ಬೆರಳಿನಿಂದ ನನ್ನ ತುಟಿ ಮುಟ್ಟಿದರು.

ನನಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಇಷ್ಟು ದಿನ ನಾನು ಅವರ ಬಾಯಾಗಿದ್ದೇನೆ ಎಂದುಕೊಂಡು ನನ್ನ ಮಾತನ್ನೇ ಆಡಿದ್ದೆ. ಇವರು ಅಷ್ಟು ದಿನವೂ ಜಗಲಿಯ ಮೇಲೆ ಕೂತು ಆ ಬಾಯಿಗೆ ಒಂದು ಕೆಲಸ ಹುಡುಕಿ ಇಟ್ಟುಕೊಂಡಿದ್ದರು. ದನದ ಸಂತೆಯಲ್ಲಿ ಹೆಂಗಸು ನಿಂತು ಎತ್ತು ಹೊಗಳುವುದುಂಟೇ ಎಂದೆ. ಹೆಗಲು ಕುಣಿಸಿದರು. ನೀವು ಕಲಿಸಬೇಕಾಗುತ್ತದೆ ಎಂದೆ. ಅವರು ನನ್ನ ಬಾಯಿಯ ಕಡೆ ನೋಡಿ, ಇದಕ್ಕೆ ಕಲಿಸುವುದೇನಿದೆ ಎಂಬಂತೆ ಕೈ ಆಡಿಸಿದರು. ಮಧ್ಯಾಹ್ನ ಊಟಕ್ಕೆ ಮನೆ, ಗಂಟಲಿಗೆ ಬಟ್ಟೆ ಕಟ್ಟದೆ ಹೊರಡುವಂತಿಲ್ಲ, ದನಗಳ ನಡುವೆ ನನ್ನ ಕಾಯಿ ಪಾತ್ರೆಗೂ ಒಂದು ಜಾಗ ಬೇಕು ಎಂದು ಒಂದೊಂದೇ ಷರತ್ತು ಹಾಕಿದೆ. ಸಂತೆಯಲ್ಲಿ ಹಸಿದ ಗಂಡಸರಿಗೇನು ಬರವೇ? ಪ್ರತಿಯೊಂದಕ್ಕೂ ಅವರು ಯೋಚಿಸಿ, ಬೆರಳು ಬದಲಿಸಿ, ಕಷ್ಟಪಟ್ಟು ಒಪ್ಪುವವರ ಹಾಗೆ ಮಾಡಿದರು. ಒಳ್ಳೆಯ ದಲ್ಲಾಳಿ ಬೇಗ ಒಪ್ಪುವುದಿಲ್ಲ. ಕೊನೆಗೆ ನಾನೇ ಅಂಗೈ ಚಾಚಿದೆ. ಪೂರ್ತಿ ಹಿಡಿದರು.

ತಲೆ ಎತ್ತಿದರೆ ಎದುರಿಗೆ ಮೇಲಿನ ಗೇಟು. ಇಮಾಮ್ ಸಾಬರು ಬೀಗ ಹಿಡಿದು ನಿಂತಿದ್ದರು, ಪಕ್ಕದಲ್ಲಿ ತಾಯಮ್ಮ ಲಾಟೀನು ಹಿಡಿದು ಏದುಸಿರು ಬಿಡುತ್ತಿದ್ದಳು. ಕೆಳಗಿನ ಗೇಟಿನಲ್ಲಿ ಕಾದು ಕಾದು, ನಾವು ಬರಲೇ ಇಲ್ಲವೆಂದು ಹೇಳಲು ಊರು ಸುತ್ತಿ ಓಡಿಬಂದಿದ್ದಳಂತೆ. ಹೋದವರು ಹೋದ ಗೇಟಿನಿಂದಲೇ ಬಂದದ್ದನ್ನು ಸಾಬರು ತಮ್ಮ ಕಾಲದಲ್ಲಿ ನೋಡಿರಲಿಲ್ಲ. ಅವರ ಕಣ್ಣು ನಮ್ಮ ಮುಖದಿಂದ ಟವಲಿಗೆ ಇಳಿದು ಅಲ್ಲೇ ನಿಂತಿತು. ಟವಲು ಇನ್ನೂ ಅಲ್ಲಾಡುತ್ತಿತ್ತು.

"ಇಷ್ಟೊತ್ತು ಏನಮ್ಮಾ ಮಾತಾಡಿದ್ರಿ?" ಎಂದು ಕೇಳಿದರು.

"ಟವಲಿನ ಅಡಿ ಆದ ವ್ಯಾಪಾರ ಸಾಬರೇ, ಮೂರನೆಯವರಿಗೆ ಹೇಳೋ ಹಾಗಿಲ್ಲ," ಎಂದೆ.

ತಾಯಮ್ಮ ಲಾಟೀನು ಎತ್ತಿ ನನ್ನ ಮುಖ ನೋಡಿ, ತನ್ನ ಬುಟ್ಟಿಯಲ್ಲಿ ಉಳಿದಿದ್ದ ಒಂದು ಮೊಳ ಕನಕಾಂಬರ ನನ್ನ ತಲೆಗೆ ಸಿಕ್ಕಿಸಿದಳು. ನಾವು ಪೇಟೆ ಬೀದಿ ಹಿಡಿದೆವು. ದಾರಿಯಲ್ಲಿ ಅವರು ನನ್ನ ಕಿರುಬೆರಳು ಹಿಡಿದು ಒಂದು ಬೆಲೆ ಹೇಳಿದರು. ಯಾವುದಕ್ಕೆ ಎಂದು ಕೇಳಿದರೆ ನನ್ನ ಕಡೆಗೇ ಗದ್ದ ತೋರಿಸಿದರು. ಇಷ್ಟು ವರ್ಷ ದುಡಿದವಳಿಗೆ ಇಷ್ಟೇನಾ ಎಂದು ಮಡಚಿದೆ. ಇನ್ನೊಂದು ಬೆರಳು ಸೇರಿಸಿದರು. ಮತ್ತೆ ಮಡಚಿದೆ. ಪೇಟೆ ಬೀದಿಗೆ ಪಾರ್ಕಿನ ದಾರಿಯ ಗುಣವಿಲ್ಲ ಎನ್ನುತ್ತಾರೆ. ಆದರೆ ಅವತ್ತು ನಮ್ಮ ಮನೆ ತುಂಬ ದೂರವಿತ್ತು.